ಪಂಕ್ ಕೋಟಿಗೆ ಬಂದ ಸ್ಟೀಲ್ ಡಬ್ಬ

ವ್ಯವಹಾರದಲ್ಲಿ ನನಗೆ ಯಾರೂ ಟೋಪಿ ಹಾಕಲಾರರು ಎಂಬುದು ನಾನು ಬಹಳ ಕಾಲ ನಂಬಿಕೊಂಡು ಬಂದ ಸಂಗತಿ. ಮೈಸೂರಿನಿಂದ ಬಂದು ಫೋರ್ಟಿನ ಕಚೇರಿಯೊಂದರಲ್ಲಿ ಅಕೌಂಟ್ಸ್ ನೋಡಿಕೊಂಡು, ದಹಿಸರ್ ಲೋಕಲ್ ಟ್ರೇನಿನಲ್ಲಿ ನಿಂತೇ ಹೋಗಿ ನಿಂತೇ ಬರುವ ಮನುಷ್ಯನಿಗೆ ಅಷ್ಟಾದರೂ ಹೆಮ್ಮೆ ಬೇಡವೇ? ಎಂಬತ್ತರ ದಶಕದ ಕೊನೆಗೆ ಬಂದ ಒಂದು ಗಣೇಶನ ಹಬ್ಬದ ಭಾನುವಾರದವರೆಗೂ ಆ ಹೆಮ್ಮೆ ಸುರಕ್ಷಿತವಾಗಿತ್ತು.

ಆ ವರ್ಷ ಕಾಲೇಜಿಗೆ ಹೋಗುತ್ತಿದ್ದ ನಮ್ಮ ಮಗಳು ರಶ್ಮಿಗೆ ಪಂಕ್ ಸಂಗೀತದ ಹುಚ್ಚು ಹಿಡಿದಿತ್ತು. ಮೊದಲ ಸಲ ಆ ಕ್ಯಾಸೆಟ್ ಕೇಳಿದ ನನ್ನ ಹೆಂಡತಿ ಸುಲೋಚನಾ, ಟೇಪ್ ರೆಕಾರ್ಡರ್ ಕೆಟ್ಟುಹೋಗಿದೆ ಎಂದು ಸ್ವಿಚ್ ಆರಿಸಿಬಿಟ್ಟಳು. ರಶ್ಮಿ ಹಾಡುವುದು, ಪಕ್ಕದ ಬಿಲ್ಡಿಂಗಿನ ನೆಲ್ಸನ್ ಗಿಟಾರ್ ಬಾರಿಸುವುದು. ಇಬ್ಬರೇ ಸೇರಿ ‘ಧಕ್ಕಾ’ ಎಂಬ ಬ್ಯಾಂಡ್ ಕಟ್ಟಿದ್ದರು. ನೂಕುನುಗ್ಗಲಿನ ಲೋಕಲ್ ಹತ್ತುವವರಿಗೆ ಆ ಹೆಸರಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಪಂಕ್ ಹುಟ್ಟಿದ್ದು ಎಲ್ಲಿ ಎಂಬ ವಿಷಯದಲ್ಲಿ ಇಬ್ಬರಿಗೂ ನಮ್ಮ ಹಾಲ್‌ನಲ್ಲಿ ದಿನವೂ ಜಗಳ. ನೆಲ್ಸನ್ ನ್ಯೂಯಾರ್ಕ್ ಅನ್ನುತ್ತಿದ್ದ, ರಶ್ಮಿ ಲಂಡನ್ ಅನ್ನುತ್ತಿದ್ದಳು. ಒಂದು ದಿನ ನಾನು ಪೇಪರ್ ಕೆಳಗಿಟ್ಟು ನ್ಯಾಯಾಧೀಶನಾದೆ.

“ಅಪ್ಪಾ, ಲಂಡನ್‌ನಲ್ಲಿ ಯಂಗ್ ಜನಕ್ಕೆ ಜಾಬ್ ಇರಲಿಲ್ಲ, ಪೈಸಾ ಇರಲಿಲ್ಲ,” ಎಂದಳು ರಶ್ಮಿ. “ಹರಿದ ಬಟ್ಟೆಗೆ ಪಿನ್ ಹಾಕ್ಕೊಂಡ್ರು. ಗಿಟಾರ್‌ನಲ್ಲಿ ಮೂರು ಕಾರ್ಡ್ ಬಾರಿಸೋಕೆ ಬಂದ್ರೆ ಸಾಕು, ಸ್ಟೇಜ್ ಹತ್ತೋದು. ರೆಡಿಮೇಡ್ ಹರಿದ ಜಾಕೆಟ್ ಕೊಂಡ್ರೆ ಅದು ಪಂಕ್ ಅಲ್ಲ. ನೀನೇ ಹರೀಬೇಕು.”

“ಕೆಲಸವಿಲ್ಲ, ದುಡ್ಡಿಲ್ಲ, ಹರಿದ ಬಟ್ಟೆಗೆ ಪಿನ್ನು. ಹಾಗಾದರೆ ಡಿಗ್ರಿ ಮುಗಿಸಿ ಮೈಸೂರಲ್ಲಿ ಕೂತಿದ್ದಾಗ ನಾನೂ ಪಂಕೇ.”

“ನಿನಗೆ ನಾಚಿಕೆ ಆಗ್ತಿತ್ತಲ್ಲ, ಅಪ್ಪಾ. ಪಂಕ್‌ಗೆ ಶರಮ್ ಇರೋದಿಲ್ಲ.”

ನನ್ನ ತೀರ್ಪು ಅಲ್ಲಿಗೇ ವಜಾ ಆಯಿತು. ಅದಾದ ಮೇಲೆ ಅವಳು ಟ್ರಂಕಿನಲ್ಲಿರುವ ಹಳೆಯ ಕೋಟು ತೆಗೆದುಕೊಳ್ಳಲೇ ಎಂದು ಕೇಳಿದಳಂತೆ. ನಾನು ಪೇಪರಿನ ಹಿಂದಿನಿಂದ “ಹೂಂ” ಅಂದೆನಂತೆ.

ಗಣಪತಿ ಪೆಂಡಾಲಿನಲ್ಲಿ ಭಾನುವಾರ ಸಂಜೆ ಆರತಿಯ ನಂತರ ಎರಡು ಹಾಡು ಹಾಡಲು ಬಿಲ್ಡಿಂಗಿನ ಕಮಿಟಿಯವರು ಒಪ್ಪಿದ್ದರು. ಅದಕ್ಕಾಗಿ ಕಮಿಟಿಯ ಜೋಶಿಯವರ ಹಿಂದೆ ರಶ್ಮಿ ಎಷ್ಟು ಅಲೆದಿದ್ದಳೋ! ಅವಳ ಮೊದಲ ಸ್ಟೇಜು ಅದು. ಅಂದು ಮಧ್ಯಾಹ್ನ ತಾಯಿ ಮಗಳು ಹೂವು ತರಲು ಹೋಗಿದ್ದರು. ಮನೆಯಲ್ಲಿ ನಾನೊಬ್ಬನೇ. ಆಗ ಬಂದಳು ಭಾಂಡೇವಾಲಿ, ಹಳೆ ಬಟ್ಟೆ ತೆಗೆದುಕೊಂಡು ಸ್ಟೀಲ್ ಪಾತ್ರೆ ಕೊಡುವವಳು.

ನನ್ನ ಹಳೆಯ ಪ್ಯಾಂಟನ್ನು ಬೆಳಕಿಗೆ ಹಿಡಿದು ನೋಡಿ, “ಘಿಸ್ ಗಯಾ” ಎಂದು, ಸವೆದದ್ದು ಬೇಡವೆಂಬಂತೆ ಬದಿಗೆ ಹಾಕಿದಳು. ಅಷ್ಟರಲ್ಲಿ ಕುರ್ಚಿಯ ಮೇಲೊಂದು ಕೋಟು ನನ್ನ ಕಣ್ಣಿಗೆ ಬಿತ್ತು. ತೋಳಿಲ್ಲ, ಜೇಬು ಹರಿದಿದೆ, ಮೈತುಂಬ ಸೇಫ್ಟಿ ಪಿನ್ನು, ಬೆನ್ನಿಗೆ ಯಾರೋ ಬಿಳಿ ಬಣ್ಣ ಬಳಿದಿದ್ದಾರೆ. ಇಂಥ ಚಿಂದಿ ನಮ್ಮ ಮನೆಗೆ ಹೇಗೆ ಬಂತು ಎಂದು ನನಗೇ ನಾಚಿಕೆಯಾಯಿತು.

“ಬಟ್ಟೆ ನೋಡಮ್ಮ, ಅಸಲಿ ಉಲ್ಲನ್,” ಎಂದು ನನಗೆ ಬರುವ ಹಿಂದಿಯಲ್ಲಿ ವಾದಿಸಿದೆ. “ಪಿನ್ನೆಲ್ಲ ಫ್ರೀ.”

ಮುಚ್ಚಳವಿರುವ ಸ್ಟೀಲ್ ಡಬ್ಬ ಬಂತು. ಚಿಂದಿಗೆ ಡಬ್ಬ! ಅದನ್ನು ಬಾಗಿಲಿಗೆ ಎದುರಾಗಿ ಕಾಣುವಂತೆ ಮೇಜಿನ ಮೇಲಿಟ್ಟು ಕೂತೆ.

ಮೊದಲು ಒಳಗೆ ಬಂದ ಸುಲೋಚನಾ ಕೇಳಿದಳು, “ಡಬ್ಬ ಎಲ್ಲಿಂದ ಬಂತ್ರೀ?”

“ಕುರ್ಚಿ ಮೇಲೆ ಒಂದು ದರಿದ್ರ ಕೋಟು ಬಿದ್ದಿತ್ತಲ್ಲ, ಅದಕ್ಕೆ.”

ಹಿಂದೆ ಬಂದ ರಶ್ಮಿ ಖಾಲಿ ಕುರ್ಚಿಯನ್ನು ನೋಡಿ ನೆಲದ ಮೇಲೇ ಕೂತುಬಿಟ್ಟಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

“ಅದು ಅವಳು ತಿಂಗಳುಗಟ್ಟಲೆ ಕೂತು ಮಾಡಿದ್ದು,” ಎಂದಳು ಸುಲೋಚನಾ. “ಅದಿರಲಿ, ಅದು ನಿಮ್ಮ ಮದುವೆ ಕೋಟು ಕಣ್ರೀ.”

ಉಟ್ಟ ಪಂಚೆಯಲ್ಲೇ ಡಬ್ಬ ಹಿಡಿದುಕೊಂಡು ಓಡಿದೆ. ಭಾಂಡೇವಾಲಿ ಸ್ಟೇಷನ್ನಿಗೆ ಹೋದಳೆಂದು ವಾಚ್‌ಮನ್ ಹೇಳಿದ. ಪ್ಲಾಟ್‌ಫಾರ್ಮಿನಲ್ಲಿ ಗಂಟಿನ ಮೇಲೆ ಕೂತು ಲೋಕಲ್‌ಗೆ ಕಾಯುತ್ತಿದ್ದಳು. ಡಬ್ಬ ಮುಂದೆ ಹಿಡಿದೆ. ಮುಗಿದ ವ್ಯಾಪಾರ ಮುಗಿಯಿತು ಎಂಬಂತೆ ಅವಳು ತಲೆಯಲ್ಲಾಡಿಸಿದಳು.

“ಸೌದಾ ಹೋ ಗಯಾ, ಸಾಬ್.”

ಗಾಡಿ ಬರುವ ಅನೌನ್ಸ್‌ಮೆಂಟ್ ಆಯಿತು. ಅವಳು ನನ್ನ ಮೈಮೇಲಿದ್ದ ಹೊಸ ಟೆರಿಕಾಟ್ ಶರ್ಟಿನ ಅಂಚು ಹಿಡಿದು, ತಿಕ್ಕಿ ನೋಡಿ, “ಯೇ ದೋ. ಡಬ್ಬಾ ರಖೋ,” ಎಂದಳು. ಡಬ್ಬ ನನಗೇ ಬಿಟ್ಟ ಧರ್ಮಿಷ್ಠ ಹೆಂಗಸು! ಪ್ಲಾಟ್‌ಫಾರ್ಮಿನ ಮಹಾಜನರ ಸಮ್ಮುಖದಲ್ಲಿ ಶರ್ಟು ಬಿಚ್ಚಿ ಕೊಟ್ಟೆ.

ಬರೀ ಬನಿಯನ್ನಿನಲ್ಲಿ ದಹಿಸರ್ ದಾಟುವ ಧೈರ್ಯವಾಗದೆ ಕೋಟನ್ನೇ ಹಾಕಿಕೊಂಡೆ. ಮದುವೆಯಾದ ವರ್ಷದ ಹೊಟ್ಟೆಗೆ ಹೊಲಿಸಿದ್ದು. ಅರ್ಧ ದಾರಿಗೆ ಬರುವಷ್ಟರಲ್ಲಿ ಪಿನ್ನುಗಳೆಲ್ಲ ಬನಿಯನ್ನಿಗೆ ಸಿಕ್ಕಿಕೊಂಡು, ಕೋಟೂ ಬನಿಯನ್ನೂ ನಾನೂ ಒಂದೇ ಆಗಿದ್ದೆವು. ನಮ್ಮ ಮನೆಗೆ ಪೆಂಡಾಲು ದಾಟಿಯೇ ಹೋಗಬೇಕು. ಅಲ್ಲಿ ಆರತಿ ಮುಗಿಯುತ್ತಿತ್ತು. ನನ್ನನ್ನು ಕಂಡ ಜೋಶಿಯವರು ಆರತಿ ತಟ್ಟೆಯನ್ನು ಎತ್ತಿ ಹಿಡಿದು ಹಾಗೇ ನಿಂತರು.

“ಅಂಕಲ್, ಅಸಲಿ ಪಂಕ್!” ಎಂದ ನೆಲ್ಸನ್.

ಸುಲೋಚನಾ ಪಿನ್ನು ಬಿಡಿಸಲು ಬಂದಳು. ಒಂದು ಬಿಡಿಸಿದರೆ ಇನ್ನೊಂದು ಚುಚ್ಚುತ್ತಿತ್ತು. ಆಗ ರಶ್ಮಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ನಕ್ಕಳು. ಮಧ್ಯಾಹ್ನದಿಂದ ಕಾಣದಿದ್ದ ಆ ನಗು ಕಂಡು ನನಗೆ ಹೋದ ಜೀವ ಬಂದಂತಾಯಿತು.

“ಬಿಡಮ್ಮಾ, ಟೈಮ್ ಇಲ್ಲ. ಅಪ್ಪಾ, ನೀನೂ ಸ್ಟೇಜ್‌ಗೆ ಬಾ.”

ಬ್ಯಾಂಡಿನ ಹೆಸರು ಬಿಳಿ ಬಣ್ಣದಲ್ಲಿ ಇದ್ದದ್ದು ನನ್ನ ಬೆನ್ನಿನ ಮೇಲೆ. ಆದ್ದರಿಂದ ಜನರಿಗೆ ಬೆನ್ನು ಹಾಕಿ, ಗಣಪತಿಗೆ ಮುಖ ಮಾಡಿ, ಪಂಚೆ ಎತ್ತಿ ಕಟ್ಟಿ ಡಬ್ಬ ಬಡಿದೆ. ರಶ್ಮಿ ಹಾಡಿದಳೋ ಕಿರುಚಿದಳೋ ಈ ಕ್ಷಣಕ್ಕೂ ಹೇಳಲಾರೆ, ಆದರೆ ಬಹಳ ಚೆನ್ನಾಗಿತ್ತು. ಡಬ್ಬದ ಮುಚ್ಚಳ ಜೋಶಿಯವರ ಕಾಲ ಬಳಿ ಉರುಳಿತು. ಜನ ಒನ್ಸ್ ಮೋರ್ ಅಂದರು.

ಮನೆಗೆ ಬಂದ ಮೇಲೆ ಕೇಳಿದೆ, “ಈಗ ನಾನು ಪಂಕ್ ತಾನೇ?”

“ಇವತ್ತು ಇದ್ದೆ, ಅಪ್ಪಾ,” ಎಂದಳು ರಶ್ಮಿ. “ಕೇಳಿ ಕೆಡಿಸಿಬಿಟ್ಟೆ.”

ನಾನು ಬಿಡುತ್ತೇನೆಯೇ? ಸೋಮವಾರ ಕಚೇರಿಗೆ ಹೊರಡುವಾಗ ಶರ್ಟಿನ ಎದೆಗೆ ದೊಡ್ಡದೊಂದು ಸೇಫ್ಟಿ ಪಿನ್ನು ಚುಚ್ಚಿಕೊಂಡೆ. ಲೋಕಲ್‌ನಲ್ಲಿ ಯಾರೂ ನೋಡಲಿಲ್ಲ. ಕಚೇರಿಯಲ್ಲೂ ಯಾರೂ ಕೇಳಲಿಲ್ಲ. ಮಧ್ಯಾಹ್ನ ಫೋರ್ಟಿನ ಉಡುಪಿ ಹೋಟೆಲಿನಲ್ಲಿ, ದಿನವೂ ನನಗೆ ಊಟ ತಂದಿಡುವ ಶೀನಣ್ಣ ಮಾತ್ರ ಪಿನ್ನನ್ನೇ ದಿಟ್ಟಿಸಿ ನೋಡಿದ. ಕೊನೆಗೂ ಒಬ್ಬ ಗುರುತಿಸಿದ ಎಂದು ಎದೆ ಉಬ್ಬಿಸಿ ಕೂತೆ.

ಶೀನಣ್ಣ ಬಗ್ಗಿ ಕನಿಕರದಿಂದ ಕೇಳಿದ, “ಗುಂಡಿ ಬಿದ್ದುಹೋಯ್ತಾ ಸಾರ್? ಮನೆಯವರು ಊರಿಗೆ ಹೋಗಿದ್ದಾರಾ?”

ಪಂಕ್‌ಗೆ ನಾಚಿಕೆ ಇರುವುದಿಲ್ಲ. “ಹೌದಪ್ಪ, ನಾಳೆ ಬರ್ತಾಳೆ,” ಎಂದು ಪಿನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡೆ.