ಇಲಿಯನ್ನು ನುಂಗಿದ ಎರಡು ಪೆಟ್ಟಿಗೆಗಳಿಗೆ

ದೀಪಮಾಲೆಯ ಅಧಿಪತಿಗಳಾದ ಮಾನ್ಯರೇ,

ಬೆಳಗಾವಿಯಿಂದ ಬಂದ ಎಡಗಡೆಯ ಕಂಟ್ರೋಲರ್ ಸಾಹೇಬರಿಗೂ ಧಾರವಾಡದಿಂದ ದಯಮಾಡಿಸಿದ ಬಲಗಡೆಯ ಕಂಟ್ರೋಲರ್ ಸಾಹೇಬರಿಗೂ ದಾಂಡೇಲಿಯ ನಮ್ಮ ಓಣಿಯ ಗಣೇಶೋತ್ಸವ ಮಂಡಳಿಯ ಕಾರ್ಯದರ್ಶಿಯ ಸಾಷ್ಟಾಂಗ ನಮಸ್ಕಾರಗಳು. ಯಾರ ಹೆಸರು ಮೊದಲು ಬರೆಯಬೇಕೆಂದು ನಾಣ್ಯ ಚಿಮ್ಮಿ ನೋಡಿದ್ದೇನೆ; ಧಾರವಾಡದವರು ಮುನಿಸಿಕೊಳ್ಳಬಾರದು.

ಕಾಗದದ ಕಾರ್ಖಾನೆಯ ಕೆಲಸಕ್ಕೆಂದು ಬಂದು ನೆಲೆಸಿದವರ ನಮ್ಮ ಓಣಿಯಲ್ಲಿ ಇಷ್ಟು ವರ್ಷ ಎರಡು ಗಣಪತಿ ಕೂರುತ್ತಿದ್ದವು, ಧಾರವಾಡದವರದೊಂದು, ಬೆಳಗಾವಿಯವರದೊಂದು. ನಾನು ಧಾರವಾಡದವನು, ನನ್ನ ಹೆಂಡತಿ ಅನ್ನಪೂರ್ಣಾ ಬೆಳಗಾವಿಯವಳು. ಮದುವೆಯಾದಾಗಿನಿಂದ ವಿಸರ್ಜನೆಯ ದಿನ ನಾವಿಬ್ಬರೂ ಬೇರೆ ಬೇರೆ ಮೆರವಣಿಗೆಯಲ್ಲಿ ನಡೆದು, ಕಾಳಿ ನದಿಯ ದಂಡೆಯಲ್ಲಿ ಗುರುತಿಲ್ಲದವರಂತೆ ನಿಲ್ಲುತ್ತಿದ್ದೆವು. ಒಂದು ಸಲವಾದರೂ ಅವಳ ಜೊತೆ ನಡೆಯಬೇಕೆಂಬ ಆಸೆಯಿಂದಲೇ ನಾನು ಎರಡೂ ಕಡೆಯವರ ಕೈಕಾಲು ಹಿಡಿದು, ಈ ವರ್ಷ, ಅಂದರೆ ಎರಡು ಸಾವಿರದ ಮೂರರಲ್ಲಿ, ಒಂದೇ ಗಣಪತಿ ಕೂರಿಸಿದೆ. ಕಮಾನಿನ ದೀಪಗಳನ್ನು ಓಡಿಸಲು ಒಂದು ಕಂಟ್ರೋಲರ್ ಪೆಟ್ಟಿಗೆ ಸಾಕೆಂದು ಗೊತ್ತಿದ್ದರೂ, ಯಾರ ಮನಸ್ಸೂ ನೋಯಬಾರದೆಂದು ಊರಿಗೊಂದರಂತೆ ತಮ್ಮಿಬ್ಬರನ್ನೂ ತಂದ ಜಾಣ ನಾನೇ.

ತಮ್ಮ ಪ್ರತಿಭೆಯನ್ನು ಎಷ್ಟೆಂದು ಹೊಗಳಲಿ? ಕಮಾನಿನ ಎಡತುದಿಯಿಂದ ಹೊರಟ ದೀಪದ ಇಲಿ ಬಲತುದಿಯ ಮೋದಕದವರೆಗೆ ಓಡಬೇಕಿತ್ತು. ಅದು ನಟ್ಟನಡುವೆ ಮಾಯವಾಯಿತು. ಸ್ವಲ್ಪ ಹೊತ್ತಿಗೆ ಬಲಗಡೆಯಿಂದ ಇನ್ನೊಂದು ಇಲಿ ಹಿಮ್ಮುಖವಾಗಿ ಬಂತು. “ಇಲಿಗೂ ತವರುಮನಿ ನೆನಪಾಗೇತಿ ಬಿಡ್ರಿ,” ಎಂದು ಎದುರುಮನೆಯ ಮುದಕವ್ವ ಎಲ್ಲರೆದುರೇ ಅಂದಳು. ಒಬ್ಬರ ಸಂಕೇತ ಇನ್ನೊಬ್ಬರಿಗೆ ತಿಳಿಯುವುದಿಲ್ಲ, ಪ್ರೋಟೊಕಾಲ್ ಬೇರೆ ಎಂದರು ದೀಪದ ಅಂಗಡಿಯವರು. ನಮ್ಮಲ್ಲಿ ಇದಕ್ಕೆ ಬೀಗರ ಜಗಳ ಎನ್ನುತ್ತಾರೆ.

ವಿಸರ್ಜನೆಯ ಸಂಜೆ ಬೆಳಗಾವಿಯ ಲಗಮಪ್ಪ ತಮ್ಮೂರ ಪೆಟ್ಟಿಗೆಗೆ ಇನ್ನಷ್ಟು ದೀಪದ ಸರ ಜೋಡಿಸಿದ. ಧಾರವಾಡದ ಅಡಿವೆಯ್ಯ ಸುಮ್ಮನಿರುತ್ತಾನೆಯೇ, ತಾನೂ ಜೋಡಿಸಿದ. ಮುಂದಿನ ವರ್ಷ ಮತ್ತೆ ಎರಡು ಗಣಪತಿ ಎಂಬ ಕೂಗಾಟ ಏಳುವಷ್ಟರಲ್ಲಿ ಫ್ಯೂಸ್ ಹಾರಿ ಇಡೀ ಓಣಿ ಕತ್ತಲಾಯಿತು. ತಾವಿಬ್ಬರೂ ಒಂದೇ ಕ್ಷಣಕ್ಕೆ ಒಮ್ಮತಕ್ಕೆ ಬಂದದ್ದು ಅದೇ ಮೊದಲು.

ಉಳಿದದ್ದು ಮುದಕವ್ವನ ಪೆಟ್ರೋಮ್ಯಾಕ್ಸ್ ದೀಪ ಒಂದೇ. ಗಟಾರಕ್ಕೆ ಬೀಳಬಾರದೆಂದರೆ ಎಲ್ಲರೂ ಅದರ ಹಿಂದೆಯೇ ನಡೆಯಬೇಕು. ನಡೆದರು, ಎರಡೂ ಊರಿನವರು. ಕತ್ತಲಲ್ಲಿ ಅನ್ನಪೂರ್ಣಾ ನನ್ನ ತೋಳು ಹಿಡಿದಳು. “ಸಾವಕಾಶ ನಡೀರಿ, ಹೊಳಿ ಎಲ್ಲೂ ಓಡಿ ಹೋಗಂಗಿಲ್ಲ,” ಎಂದಳು. ನನಗೆ ಕಣ್ಣು ತುಂಬಿ ಬಂತು.

ಆದಕಾರಣ ತಾವು ಪ್ರತಿ ವರ್ಷ ವಿಸರ್ಜನೆಯ ಸಂಜೆ ತಪ್ಪದೆ ಕೆಟ್ಟು ಕೂರಬೇಕೆಂದು ವಿನಂತಿ.

ತೋಳು ಸಿಕ್ಕ ಋಣಕ್ಕೆ,
ತಮ್ಮ ವಿಶ್ವಾಸಿ,
ಸುಭಾಸ

ತಾ.ಕ.: ತಮ್ಮಿಬ್ಬರಲ್ಲಿ ರಾಜಿ ಮಾಡಿಸಲು ಮೂರನೆಯ ಪೆಟ್ಟಿಗೆ ತರಬೇಕೆಂದು ಮಂಡಳಿ ಒಮ್ಮತದಿಂದ ಠರಾವು ಮಾಡಿದೆ. ಅದನ್ನು ಯಾವ ಊರಿನಿಂದ ತರಬೇಕೆಂದು ನಿರ್ಧರಿಸಲು ಎರಡು ಸಮಿತಿಗಳಾಗಿವೆ.