ಸೋಮವಾರ ನೊಗ ಹೊರದ ಓಟಗಾರ

ನಮ್ಮ ಮನೆಯಲ್ಲಿ ಯಾರು ಏನು ಕಲಿಯಲು ಹೊರಟರೂ ಅದು ಕೊನೆಗೆ ಎತ್ತಿನ ಕೊಟ್ಟಿಗೆಗೇ ಹೋಗಿ ಮುಟ್ಟುತ್ತಿತ್ತು. ನನ್ನ ಓಟವೂ ಅಲ್ಲಿಗೇ ಹೋಯಿತು.

ಆಗಿನ್ನೂ ಮದರಾಸು ಸರ್ಕಾರದ ಕಾಲ. ಕಂಪ್ಲಿ ಕಡೆಯ ಟಪಾಲು ಚೀಲವನ್ನು ಒಬ್ಬ ಹೊಸಪೇಟೆಯಿಂದ ಕಮಲಾಪುರದವರೆಗೆ ಹೊತ್ತು ಓಡುತ್ತಿದ್ದ. ಅಲ್ಲಿಂದ ಮುಂದಕ್ಕೆ ಇನ್ನೊಬ್ಬ. ಮೊದಲನೆಯವನಿಗೆ ವಯಸ್ಸಾಗಿ ಜಾಗ ಖಾಲಿಯಾಗುವುದಿತ್ತು. ಮಳೆಗಾಲದಲ್ಲಿ ಪರೀಕ್ಷೆ; ಯಾರೇ ಬರಲಿ, ಹೊತ್ತಿಗೆ ಸರಿಯಾಗಿ ಚೀಲ ಮುಟ್ಟಿಸಿದವನ ಹೆಸರು ಬರೆದುಕೊಂಡು ಅವನಿಗೇ ಕೆಲಸ. ನನಗೆ ಆ ಕೆಲಸ ಬೇಕೇ ಬೇಕಾಗಿತ್ತು. ಕಡ್ಡಿರಾಂಪುರದಲ್ಲಿ ನನ್ನನ್ನು ಸಾಕಿದ ದೊಡ್ಡಪ್ಪ, ತಾನೇ ತಯಾರು ಮಾಡುತ್ತೇನೆ ಎಂದ. ಅವನು ಅದುವರೆಗೆ ಪಳಗಿಸಿದ್ದೆಲ್ಲ ಹೋರಿಗಳನ್ನು.

೧. ಮೇವು, ವಾರ

ಬೆಳಗ್ಗೆ ನೆನೆಸಿದ ಹುರುಳಿ, ಸಂಜೆ ಕಾಲಿಗೆ ಹರಳೆಣ್ಣೆ. ಆರು ದಿನ ಓಟ, ಸೋಮವಾರ ರಜೆ. ಸೋಮವಾರ ಬಸವಣ್ಣನ ವಾರವೆಂದು ನಮ್ಮ ಕಡೆ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ನನಗೂ ಅದೇ ಕಾನೂನು. ಒಂದು ಸೋಮವಾರ ನೆರೆಮನೆಯ ನಾಯಿ ನನ್ನನ್ನು ಅಟ್ಟಿಸಿಕೊಂಡು ಬಂತು. ಓಡಿ ಬಂದು ಕಟ್ಟೆ ಹತ್ತಿದೆ. ದೊಡ್ಡಪ್ಪ ನಾಯಿಗೆ ಏನೂ ಅನ್ನಲಿಲ್ಲ.

“ಕಚ್ಚಿದ್ರ ಕಚ್ಚಲಿ,” ಎಂದು ನನಗೇ ಬೈದ. “ವಾರದ ದಿನ ಓಡೋದಾ?”

೨. ಬಿಸಿಲು

ಬಳ್ಳಾರಿ ಸೀಮೆಯ ಬೇಸಿಗೆ ಹೇಗೆಂದು ಹೇಳಬೇಕಾಗಿಲ್ಲ. ನಾನು ಎಲ್ಲಿ ಬೀಳುತ್ತೇನೋ ಎಂದು ದೊಡ್ಡಪ್ಪ ನೀರಿನ ಕೊಡ ಇಟ್ಟುಕೊಂಡು ಬಂಡಿಯಲ್ಲಿ ಹಿಂದೆಯೇ ಬರುತ್ತಿದ್ದ. ಎರಡು ಮೈಲಿಗೆ ಎತ್ತುಗಳು ನೊರೆ ಕಾರಿದವು. ಹುಣಸೆಮರದ ಕೆಳಗೆ ಅವನ್ನು ಬಿಚ್ಚಿ ಕಟ್ಟಿ, ಕೊಡದ ನೀರನ್ನೆಲ್ಲ ಅವಕ್ಕೇ ಕುಡಿಸಿದ. ನಾನೂ ನೆರಳಿಗೆ ಕುಳಿತೆ. ದಣಿದದ್ದು ಎತ್ತು, ನೀನ್ಯಾಕೆ ಕುಳಿತೆ ಎಂದು ಕೇಳಿದ. ಅವು ಸುಧಾರಿಸಿಕೊಳ್ಳುವವರೆಗೆ ನಾನು ಮರದ ಸುತ್ತ ಓಡಿದೆ. ಅವು ಮೆಲುಕು ಹಾಕುತ್ತ ನೋಡಿದವು.

೩. ಉಳುಕು

ಮೊದಲ ಮಳೆ ಬಿದ್ದ ಮಾರನೆಯ ದಿನ ಹಂಪಿಯ ಬಂಡೆಯ ಮೇಲೆ ಜಾರಿ ಕಾಲು ಉಳುಕಿತು. ಹತ್ತಿರದ ಹೊಸಪೇಟೆಯಲ್ಲಿ ದವಾಖಾನೆ ಇತ್ತು. ಅದನ್ನು ಬಿಟ್ಟು ದೊಡ್ಡಪ್ಪ ನನ್ನನ್ನು ಬಂಡಿಗೆ ಹಾಕಿಕೊಂಡು ಸಂಡೂರಿನಾಚೆ ವಡ್ಡು ಎಂಬ ಊರಿಗೆ ಹೊರಟ. ಅಲ್ಲಿ ದನಗಳಿಗೆ ಮದ್ದು ಮಾಡುವ ಒಬ್ಬ ಮುದುಕನಿದ್ದ.

ಮುದುಕ ನನ್ನನ್ನು ಒಂದು ಮಾತೂ ಕೇಳಲಿಲ್ಲ. ಮೇವು ತಿನ್ನುತ್ತಾನೋ ಎಂದು ದೊಡ್ಡಪ್ಪನನ್ನು ಕೇಳಿದ. ಎಷ್ಟು ಹಲ್ಲು ಎಂದೂ ಕೇಳಿದ. ಎಲ್ಲ ಹಲ್ಲೂ ಬಂದು ಬಾಯಿಗೂಡಿದೆ ಎಂದು ದೊಡ್ಡಪ್ಪ ಹೆಮ್ಮೆಯಿಂದಲೇ ಹೇಳಿದ. ಹಾಗಾದರೆ ಬರೆ ಹಾಕಬೇಕೆಂದು ಮುದುಕ ಕುಡುಗೋಲನ್ನು ಕೆಂಡಕ್ಕಿಟ್ಟ. ಅದು ಕೆಂಪಗಾಗುವಷ್ಟರಲ್ಲಿ ನಾನು ಎರಡು ಹೊಲ ದಾಟಿದ್ದೆ. ಆ ಓಟಕ್ಕೆ ಕಾಲು ಮತ್ತಷ್ಟು ಊದಿ ಹದಿನೈದು ದಿನ ಹೊರಸು ಹಿಡಿದು ಮಲಗಿದೆ. ಮುದುಕ ಮಾತ್ರ ಕುಡುಗೋಲನ್ನು ನೀರಿಗೆ ಅದ್ದಿ, “ಗುಣ ಆತು, ಹೊಡಕೊಂಡು ಹೋಗ್ರಿ” ಅಂದಿದ್ದ.

೪. ಪರೀಕ್ಷೆ

ಕಾಲು ಸರಿಹೋಯಿತು, ಮಳೆಯೂ ಬಿಡುವು ಕೊಟ್ಟಿತು. ಪರೀಕ್ಷೆಯ ದಿನ ಗೊತ್ತಾಯಿತು. ಸೋಮವಾರ.

ಮಂಗಳವಾರ ಇಟ್ಟುಕೊಳ್ಳಿ ಎಂದು ದೊಡ್ಡಪ್ಪ ಪೋಸ್ಟ್ ಮಾಸ್ತರರನ್ನು ಬೇಡಿದ. ಟಪಾಲಿಗೆ ವಾರವಿಲ್ಲ ಎಂದರು ಅವರು. ಇದೊಂದು ದಿನ ಓಡುತ್ತೇನೆಂದು ನಾನು ದೊಡ್ಡಪ್ಪನ ಕಾಲು ಹಿಡಿದೆ. ಈ ಕೆಲಸ ತಪ್ಪಿದರೆ ಮತ್ತೆಂದು ಸಿಗುತ್ತದೋ ಎಂದು ನನಗೆ ಅಳುವೇ ಬಂದಿತ್ತು. ಅವನು ರಾತ್ರಿಯೆಲ್ಲ ಯೋಚಿಸಿ ಒಂದು ದಾರಿ ಹುಡುಕಿದ್ದ.

“ಹೊಸಪ್ಯಾಟಿಯಿಂದ ಚೀಲ ನಾ ತರ್ತೀನಿ. ನೀ ನಸಿಕಿನ್ಯಾಗ ಎದ್ದು ಸಾವಕಾಶ ನಡಕೊಂತ ಹೋಗಿ ಕಮಲಾಪುರದ ಕೆರಿ ಏರಿ ಮ್ಯಾಲ ಕುಂದ್ರು. ಅಲ್ಲಿಂದ ನಾಕು ಹೆಜ್ಜಿ ನೀ ಹೊತ್ಕೊಂಡು ಹೋದ್ರ ಬಸವಣ್ಣ ಏನೂ ಅನ್ನಾಂಗಿಲ್ಲ.”

“ನಿನಗ ಸೋಮವಾರ ಇಲ್ಲೇನು?” ಎಂದೆ.

“ವಾರ ಎತ್ತಿಗೆ. ಹೊಡಿಯೋನಿಗೆ ಎಲ್ಲೈತಲೇ?”

ನಾನು ಹೋಗಿ ಏರಿಯ ಮೇಲೆ ಬೇವಿನ ಮರದ ಕೆಳಗೆ ಕುಳಿತೆ. ಪರೀಕ್ಷೆ ನೋಡಲು ಕಮಲಾಪುರದ ಕಚೇರಿಯಲ್ಲಿ ಕಾಯಬೇಕಾಗಿದ್ದ ಟಪಾಲು ಓವರ್ಸಿಯರ್ ಗಾಳಿಗೆಂದು ಅದೇ ಏರಿಯ ಮೇಲೆ ಬಂದರು. ನನ್ನನ್ನು ದಾಟಿ ಹೋಗಿ ಹೊಸಪೇಟೆ ದಾರಿ ನೋಡುತ್ತ ಗಡಿಯಾರ ಹಿಡಿದು ನಿಂತರು. ಅಷ್ಟರಲ್ಲಿ ದೊಡ್ಡಪ್ಪ ಬಂದ. ನೇಗಿಲ ಹಿಂದೆ ನಲವತ್ತು ವರ್ಷ ನಡೆದ ಕಾಲು, ಹೊತ್ತಿಗೆ ಮೊದಲೇ ಬಂದಿತ್ತು. ಓವರ್ಸಿಯರ್ ಅಲ್ಲೇ ತಡೆದು ಚೀಲ ಇಸಿದುಕೊಂಡು, ಭೇಷ್ ಎಂದು ಅವನ ಹೆಸರು ಬರೆದುಕೊಂಡರು.

ಚೀಲಕ್ಕಾಗಿ ಎರಡೂ ಕೈ ಚಾಚಿಕೊಂಡು ನಾನು ಅಲ್ಲಿಗೆ ಮುಟ್ಟಿದಾಗ ಶಾಯಿ ಆರುತ್ತಿತ್ತು. ಇವನಾರು ಎಂದು ಓವರ್ಸಿಯರ್ ಕೇಳಿದರು. ದೊಡ್ಡಪ್ಪ ಒಮ್ಮೆ ನನ್ನನ್ನು ನೋಡಿದ, ಒಮ್ಮೆ ಪುಸ್ತಕವನ್ನು ನೋಡಿದ.

“ನಮ್ಮ ಎತ್ತುರೀ,” ಅಂದ. “ಇವತ್ತು ಸೋಮವಾರ.”

ಕೆಲಸ ದೊಡ್ಡಪ್ಪನದಾಯಿತು, ಅವನ ಎರಡು ಎತ್ತುಗಳು ನನ್ನ ಪಾಲಿಗೆ ಬಂದವು. ಮುಂದಿನ ಸೋಮವಾರ ನಾವು ಮೂವರೂ ನೆರಳಿನಲ್ಲಿದ್ದೆವು. ದೊಡ್ಡಪ್ಪ ಚೀಲ ಹೊತ್ತುಕೊಂಡು ನಮ್ಮ ಮುಂದೆಯೇ ಓಡಿ ಹೋದ.