ನನ್ನ ಕೋಣೆಯಲ್ಲಿ ಮಾತ್ರ ಕೂಗುವ ಚಾಚಾ

ತಪ್ಪು ನನ್ನದೇ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನನ್ನ ಕಂಪ್ಯೂಟರಿನಲ್ಲಿ ಓಡಿದ ಪ್ರೋಗ್ರಾಮು ಲೋಕದ ಎಲ್ಲ ಕಂಪ್ಯೂಟರಿನಲ್ಲೂ ಓಡುತ್ತದೆ ಎಂದು ನಂಬಿದ ಮೂರ್ಖ ನಾನು. ಕೊಪ್ಪಳದ ನನ್ನ ಬಾಡಿಗೆ ಕೋಣೆಯಲ್ಲಿ ಇರುವುದು ಒಂದೇ ಕಂಪ್ಯೂಟರು, ಅದರ ಮುಂದೆ ಒಬ್ಬನೇ ನಾನು. ಬೇರೆ ಅಭಿಪ್ರಾಯ ಬರುವುದಾದರೂ ಎಲ್ಲಿಂದ? ಒಂಟಿಯಾಗಿರುವವರ ಮನೆಯಲ್ಲಿ ಎಲ್ಲ ತೀರ್ಮಾನವೂ ಸರ್ವಾನುಮತದ್ದೇ. ಮಾತಿಗೂ ಬರವಿಲ್ಲ ಎನ್ನಿ. ಚಹಾ ಕುದಿಯುವಾಗ ಶಾಲೆಯ ಮಾಸ್ತರರ ದನಿಯಲ್ಲಿ "ಸಕ್ರಿ ಹಾಕಿಯೇನೋ ಮಂಗ್ಯಾ?" ಎಂದು ಕೇಳುತ್ತೇನೆ, ಕಂಡಕ್ಟರನ ದನಿಯಲ್ಲಿ "ಹಾಕೀನ್ರಿ, ಮುಂದ ಸರೀರಿ" ಎಂದು ಉತ್ತರಿಸುತ್ತೇನೆ. ಕುಡಿಯುವವನು ಮಾತ್ರ ಒಬ್ಬನೇ.

ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ ಮೆಹಬೂಬ್ ಚಾಚಾ ಗೇಟು ನೋಡಿಕೊಳ್ಳುತ್ತಾರೆ. ಸುಗ್ಗಿಯಲ್ಲಿ ಭತ್ತದ ಲಾರಿಗಳು ಸಾಲುಗಟ್ಟಿದಾಗ ನಂಬರು ಕೂಗಿ ಒಂದೊಂದನ್ನೇ ಒಳಗೆ ಬಿಡುವುದು ಅವರ ಕೆಲಸ. ವರ್ಷಾನುಗಟ್ಟಲೆ ಕೂಗಿ ಗಂಟಲು ಕೂತುಬಿಟ್ಟಿತ್ತು. ಇನ್ನು ಕೂಗಬೇಡಿ ಎಂದರು ಡಾಕ್ಟರು. ಕೂಗದವರನ್ನು ಗೇಟಿನಲ್ಲಿ ನಿಲ್ಲಿಸಿ ಏನು ಮಾಡಲಿ ಎಂದರು ಮಾಲೀಕರು. ನಡುವೆ ಬಾಯಿ ಹಾಕಿದವನು ಗಿರಣಿಯ ಕಂಪ್ಯೂಟರು ರಿಪೇರಿಗೆ ಬಂದಿದ್ದ ನಾನು: "ಚಾಚಾ ಕುಂತ ಬಟನ್ ಒತ್ತಲ್ರಿ, ಕಂಪ್ಯೂಟರ್ ಕೂಗತೈತಿ."

"ಸೋಮಾರದೊಳಗ ಕೂಗಬೇಕು ನೋಡು," ಎಂದರು ಮಾಲೀಕರು. "ಇಲ್ಲಂದ್ರ ಗಟ್ಟಿ ಗಂಟಲ ಇದ್ದವನ್ನ ಯಾರನ್ನರ ಹಚ್ಚತೀನಿ."

ಲಾರಿಯವರು ಚಾಚಾನ ದನಿಯೊಂದಕ್ಕೇ ಬಗ್ಗುವವರು. ಹಾಗಾಗಿ ಅದೇ ದನಿಯನ್ನು ನನ್ನ ಬಾಯಲ್ಲೇ ನಕಲು ಮಾಡಿ ಪ್ರೋಗ್ರಾಮಿಗೆ ತುಂಬಿದೆ: "ಹನ್ನೆರಡ್ನೇ ನಂಬರ್! ಏ, ಬೀಡಿ ಆಮ್ಯಾಲ ಸೇದುವಂತಿ, ಗಾಡಿ ತಗಿ!" ಕೋಣೆಯಲ್ಲಿ ಅದ್ಭುತವಾಗಿ ಕೂಗಿತು. ಕೆಲಸ ಮುಗಿದ ಮೇಲೂ ಎರಡು ದಿನ ಸುಮ್ಮನೆ ಹಾಕಿಕೊಂಡು ಕೇಳಿದೆ. ಯಾರೋ ಕರೆಯುತ್ತಿದ್ದಾರೆ ಎನ್ನುವುದೇ ಒಂದು ಹಿತ. ಕರೆದದ್ದು ಲಾರಿಯನ್ನಾದರೂ ಸರಿ.

ಗಿರಣಿಯಲ್ಲಿ ಬಟನ್ ಒತ್ತಿದರೆ ಚಾಚಾನ ದನಿ ಬರಲಿಲ್ಲ, ಪರದೆಯ ಮೇಲೆ ಒಂದು ಚೌಕ ಬಂತು: ಇಂಥ ಲೈಬ್ರರಿ ಫೈಲು ಸಿಗುತ್ತಿಲ್ಲ. ಲೈಬ್ರರಿ ಎಂದರೆ ಯಾರೋ ಬರೆದಿಟ್ಟ ಪ್ರೋಗ್ರಾಮಿನ ತುಂಡು. ನಾವು ಎರವಲು ತಂದು ನಮ್ಮದೆಂದು ಮೆರೆಯುವಂಥದ್ದು. ಬಸ್ಸು ಹತ್ತಿ ಕೊಪ್ಪಳಕ್ಕೆ ಹೋಗಿ ಅದನ್ನು ಪೆನ್‌ಡ್ರೈವಿನಲ್ಲಿ ತಂದೆ. ಗಿರಣಿಯ ಕಂಪ್ಯೂಟರು ಅದನ್ನು ನುಂಗಿ ಇನ್ನೊಂದರ ಹೆಸರು ಹೇಳಿತು. ಮರುದಿನ ಅದನ್ನೂ ತಂದೆ. ಮೂರನೆಯದನ್ನು ಕೇಳಿತು.

"ಬೀಗರು ಕೇಳಿದಂಗ ಕೇಳತೈತಲ್ಲಪಾ," ಎಂದು ಚಾಚಾ ಪಿಸುಗುಟ್ಟಿದರು. "ಏನೇನ್ ಕಮ್ಮಿ ಐತಿ, ಒಮ್ಮಿಗೇ ಹೇಳಾಕ ಇದಕ್ಕೇನಾಗೈತಿ?" ನಗುವ ಮಾತೇ, ಆದರೆ ಅವರ ಕಣ್ಣು ಗೇಟಿನ ಮೇಲಿತ್ತು. ಅಂದು ಶನಿವಾರ.

ನನ್ನ ಸಾಮಾನು ಯಾವುದೂ ಇಲ್ಲದ ಇನ್ನೊಂದು ಕಂಪ್ಯೂಟರಿನಲ್ಲಿ ಮೊದಲೇ ಓಡಿಸಿ ನೋಡಬೇಕಿತ್ತು. ಅಂಥದ್ದು ಇದ್ದದ್ದು ಗಿಣಿಗೇರಾದ ಶರಣಪ್ಪನ ಮನೆಯಲ್ಲಿ. ಕಾಲೇಜಿನ ಗೆಳೆಯ, ಈಗ ಫ್ಯಾಕ್ಟರಿಯಲ್ಲಿದ್ದಾನೆ. ಅವನ ನಿಶ್ಚಯದ ದಿನ, ಅವನು ಹುಡುಗಿಗೆ ಫೋನಿನಲ್ಲಿ ನಾಲ್ಕು ನಾಲ್ಕು ಸಲ "ಊಟ ಆತೇನ್ರಿ?" ಎನ್ನುವುದನ್ನು ಎರಡೂ ಕಡೆಯವರ ಮುಂದೆ ಮಾಡಿ ತೋರಿಸಿದ್ದೆ. ಬೀಗರು ನಕ್ಕರು, ಹುಡುಗಿಯೂ ನಕ್ಕಳು, ಅವನೊಬ್ಬ ನಗಲಿಲ್ಲ. ನಾಲ್ಕು ತಿಂಗಳು ಮಾತಿರಲಿಲ್ಲ. ಬಸ್ಸು ಗಿಣಿಗೇರಾ ದಾಟುವಾಗಲೆಲ್ಲ ನಾನು ಆಚೆ ಕಿಟಕಿಗೆ ಮುಖ ತಿರುಗಿಸಿ ಕೂತಿದ್ದೆ.

ಭಾನುವಾರ ನನ್ನ ಕಂಪ್ಯೂಟರಿನ ಡಬ್ಬಿಯನ್ನೇ ಗೋಣಿಚೀಲಕ್ಕೆ ಹಾಕಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಗಿಣಿಗೇರಾಕ್ಕೆ ಹೊರಟೆ. ಆ ಡಬ್ಬಿಯನ್ನೇ ಗಿರಣಿಗೆ ಕೊಟ್ಟುಬಿಡಬಹುದಿತ್ತಲ್ಲ ಎನ್ನುತ್ತೀರಿ. ಕೊಟ್ಟರೆ ಆಮೇಲೆ ಕೋಣೆಯಲ್ಲಿ ನನ್ನ ಜೊತೆಗೆ ಯಾರು?

ಶರಣಪ್ಪ ಬಾಗಿಲು ತೆರೆದ. ನನ್ನನ್ನು ನೋಡಿದ, ಗೋಣಿಚೀಲ ನೋಡಿದ. ಆಮೇಲೆ ಮುಖ ಗಂಟಿಕ್ಕಿಕೊಂಡೇ ಕೇಳಿದ: "ಊಟ ಆತೇನ್ರಿ?"

ಯಾವ ದನಿಯಲ್ಲಿ ಉತ್ತರಿಸಬೇಕೋ ತೋಚದೆ "ಇಲ್ಲ" ಎಂದೆ.

ರೊಟ್ಟಿ ತಿಂದು ಎರಡೂ ಕಂಪ್ಯೂಟರುಗಳನ್ನು ಪಕ್ಕಪಕ್ಕ ಇಟ್ಟೆವು. ಅವನದರಲ್ಲಿ ಇಸ್ಪೀಟಾಟ ಬಿಟ್ಟರೆ ಬೇರೇನೂ ಇರಲಿಲ್ಲ, ಹಾಗಾಗಿ ಅದೇ ಚೌಕ ಅಲ್ಲೂ ಬಂತು. ನನ್ನದರಲ್ಲಿ ಆ ಫೈಲುಗಳು ಎಲ್ಲಿ ಅಡಗಿವೆ ಎಂದು ಹುಡುಕಿ ಶರಣಪ್ಪನೇ ಹಿಡಿದ. ಕಾಲೇಜಿನ ಗ್ಯಾದರಿಂಗಿನ ಮಿಮಿಕ್ರಿಗೆಂದು ನಾನು ಹಾಕಿಕೊಂಡಿದ್ದ ರೆಕಾರ್ಡಿಂಗ್ ಸಾಫ್ಟ್‌ವೇರು ತನ್ನ ಲೈಬ್ರರಿಗಳ ಸಂಸಾರವನ್ನೆಲ್ಲ ಜೊತೆಗೆ ತಂದಿತ್ತು. ನನ್ನ ಪ್ರೋಗ್ರಾಮು ಸದ್ದಿಲ್ಲದೆ ಅದರ ಮನೆಯಲ್ಲೇ ಉಂಡುಕೊಂಡಿತ್ತು.

"ಮಿಮಿಕ್ರಿ ಸಾಮಾನ ನಿನ್ನ ಬಿಟ್ರ ಯಾರ ಮನ್ಯಾಗ ಇರತೈತಿಲೇ?" ಎಂದ ಶರಣಪ್ಪ. ಎಲ್ಲವನ್ನೂ ಒಂದೇ ಗಂಟು ಕಟ್ಟಿ, ತನ್ನ ಕಂಪ್ಯೂಟರಿಗೆ ಹಾಕಿ ಬಟನ್ ಒತ್ತಿದ. ಚಾಚಾ ಕೂಗಿದರು. ಒಳಗಿನಿಂದ ಅವನ ಅವ್ವ "ಯಾರ್ ಬಂದಾರೋ? ಚಾ ಇಡ್ಲೇನು?" ಎಂದಳು.

ಸೋಮವಾರ ಗಿರಣಿಯ ಸ್ಪೀಕರು ಕೂಗಿದ್ದೇ ತಡ, ಒಬ್ಬ ಚಾಲಕ ಬೀಡಿ ಎಸೆದು ಗಾಡಿ ತೆಗೆದ. ಮಾಲೀಕರು ನೋಡಿ, ಚಾಚಾಗೆ ಒಂದು ಕುರ್ಚಿ ತರಿಸಿ ಹೋದರು. ನಾನು ಹಿಗ್ಗಿ ಹೀರೇಕಾಯಿಯಾಗಿ, ಚಾಚಾನ ದನಿಯಲ್ಲೇ ಚಾಚಾಗೆ ಕೇಳಿದೆ: "ಹೆಂಗೈತಿಪಾ ಕಾರಬಾರು?"

ಚಾಚಾ ಕುರ್ಚಿಯಿಂದಲೇ ಕೈಮಾಡಿ ಹತ್ತಿರ ಕರೆದು, ಇದ್ದಷ್ಟು ದನಿಯಲ್ಲಿ ಹೇಳಿದರು: "ನನ್ನಂಗ ಮಾತಾಡಾಕ ಈಗ ಮಿಷನ್ ಐತಿ. ನಿನ್ನಂಗ ಮಾತಾಡಾಕ ನಿನಗ ಯಾವ್ಯಾವ ಫೈಲ್ ಕಮ್ಮಿ ಅದಾವು, ಒಮ್ಮಿಗೇ ಹೇಳಪಾ, ತರಸ್ತೀನಿ."